ಮದರಂಗಿಯ ಚಿಂದಿ ಕಟ್ಟಿದ ಟೊಂಗೆ

ಮದರಂಗಿ ಹೂವನ್ನು ಯಾರೂ ಮುಡಿಯುವುದಿಲ್ಲ. ಪುಡಿಪುಡಿ ಹೂವು, ನೋಡಲು ಏನೂ ಇಲ್ಲ. ವಾಸನೆ ಮಾತ್ರ ಮನೆ ತುಂಬುತ್ತದೆ. ಕೃಷ್ಣಾ ದಂಡೆಯ ಗೂಗಲ್ ಎಂಬ ಹಳ್ಳಿ ನನ್ನ ತವರು. ಅಲ್ಲಿ ನಮ್ಮವ್ವ ಆ ಹೂವಿನ ಗೊಂಚಲನ್ನು ಸೀರೆಯ ಟ್ರಂಕಿನಲ್ಲಿ ಇಡುತ್ತಿದ್ದಳು. ಅವ್ವ ಹೋಗಿ ಎಷ್ಟೋ ವರ್ಷವಾಯಿತು. ಫೋಟೋ ಒಂದೂ ಇಲ್ಲ, ಮುಖ ಮರೆತುಹೋಗಿದೆ. ಆ ವಾಸನೆ ಬಂದರೆ ಮುಖವೂ ಬಂದೀತೆಂದು ರಾಯಚೂರಿನ ಈ ಮನೆಯ ಗೋಡೆ ಪಕ್ಕ ಒಂದು ಕಡ್ಡಿ ನೆಟ್ಟೆ.

ಕಡ್ಡಿ ಚಿಗುರಿ ನನ್ನಷ್ಟು ಎತ್ತರ ಬೆಳೆಯಿತು. ನಾಲ್ಕು ವರ್ಷ ಹೂವು ಬಿಡಲಿಲ್ಲ. ಬಿಡುವುದು ಹೇಗೆ? ಓಣಿಯಲ್ಲಿ ರಂಜಾನ್ ಬಂದರೂ ಮದುವೆ ಬಂದರೂ ಎಲೆಗೆ ನನ್ನ ಗಿಡವೇ. ತುದಿಯ ಚಿಗುರು ಸಮೇತ ಸವರಿಕೊಂಡು ಹೋಗುತ್ತಿದ್ದರು. ತುದಿ ಹೋದ ಮೇಲೆ ಮೊಗ್ಗು ಎಲ್ಲಿ ಕೂರಬೇಕು?

ಈ ಸಲ ಯಾರಿಗೂ ಕೊಡಲಿಲ್ಲ. ಮೊದಲ ಮಳೆ ಬಿದ್ದ ಮೇಲೆ ತುದಿತುದಿಗೆ ಮೊಗ್ಗು ಬಂತು. ಅದೇ ವಾರ ಪಕ್ಕದ ಮನೆಯ ಬಳೆ ಮಾರುವಾಕೆ ಬಂದಳು. ಮಗಳ ನಿಕಾ ಇತ್ತು.

“ಯವ್ವಾ, ಸ್ವಲ್ಪ ಮೆಹಂದಿ ಎಲಿ ಕೊಡ್ರಿ.”

“ಇಲ್ಲ. ಅಂಗಡ್ಯಾಗ ಕೋನ್ ಸಿಗ್ತಾವ, ತಗೋ.”

“ಕೋನ್ ಹಚ್ಚಿದ್ರ ಕೈಗೆ ಬೊಬ್ಬಿ ಬರ್ತಾವ್ರಿ. ನಿಮ್ಮ ಕಣ್ಣ ಮುಂದ ಹುಟ್ಟಿದ ಪೋರಿ ಅಲ್ಲೇನ್ರೀ?”

“ಹುಟ್ಟಿದ್ದಕ್ಕ ನಾನೇನ್ ಮಾಡ್ಲಿ? ಇದು ಹೂವಿಗೆ ಬಿಟ್ಟೀನಿ.”

“ಈ ಹೂವು ತಗೊಂಡು ಸಾರು ಮಾಡ್ತೀರೇನು?” ಎಂದು ಮುಖ ಊದಿಸಿಕೊಂಡು ಹೋದಳು.

ಮಧ್ಯಾಹ್ನ ಗಿಡದ ಹತ್ತಿರ ಮಂಚ ಹಾಕಿ ಅಡ್ಡಾದೆ. ನಾಲ್ಕಾರು ಮೊಗ್ಗು ಬಾಯಿ ತೆರೆದಿದ್ದವು. ಗಾಳಿ ಬೀಸಿದಾಗೊಮ್ಮೆ ವಾಸನೆ ಬಂದು ಹೋಗುತ್ತಿತ್ತು. ನಿದ್ದೆಯೋ ಎಚ್ಚರವೋ ತಿಳಿಯದು. ಹೊಳೆಯ ಮೇಲಿನ ಬಿಸಿಲು, ಒದ್ದೆ ಸೀರೆಯಿಂದ ಕಲ್ಲಿನ ಮೇಲೆ ನೀರು ತೊಟ್ಟಿಕ್ಕುವ ಸದ್ದು. ಅವ್ವ ಆಕಡೆ ಮುಖ ಮಾಡಿ ನಿಂತು, ಒಂದು ಟೊಂಗೆಗೆ ಹಳೆ ಸೀರೆಯ ಚಿಂದಿ ಕಟ್ಟುತ್ತಿದ್ದಳು. ತಿರುಗಲಿಲ್ಲ. ಎದ್ದು ಕೂತ ಮೇಲೆ ನೆನಪಾಯಿತು, ಹೌದು, ಅವಳು ಹಾಗೇ ಮಾಡುತ್ತಿದ್ದಳು. ಚಿಂದಿ ಕಟ್ಟಿದ ಟೊಂಗೆ ಹೂವಿಗೆ, ಉಳಿದದ್ದು ಕೇಳಿದವರಿಗೆ.

ನಾನೂ ಒಂದು ಕೆಂಪು ಚಿಂದಿ ಕಟ್ಟಿದೆ. ಗೋಡೆಯ ಮೇಲಿಂದ ಬಳೆಯಾಕೆಯನ್ನು ಕೂಗಿದೆ. “ಬಾ ಬೇ, ಎಲಿ ಕಿತ್ಕೊಂಡು ಹೋಗು. ಚಿಂದಿ ಕಟ್ಟಿದ್ದು ಮುಟ್ಟಬ್ಯಾಡ.”

ನಾಲ್ಕು ಹೆಂಗಸರೊಂದಿಗೆ ಬಂದು ಬುಟ್ಟಿ ತುಂಬಿಕೊಂಡಳು. ಚಿಂದಿ ನೋಡಿದ್ದೇ ತಲೆಯ ಮೇಲೆ ಸೆರಗು ಎಳೆದುಕೊಂಡಳು.

“ಯಾತರ ಮನ್ನತ್ ರೀ ಯವ್ವಾ?”

“ಹರಕಿ ಇಲ್ಲ ಏನಿಲ್ಲ. ಹೂವಿಗೆ ಕಟ್ಟೀನಿ.”

“ಹೇಳಬ್ಯಾಡ್ರಿ, ಹೇಳಿದ್ರ ಫಲ ಸಿಗಲ್ಲ. ನನಗ ಗೊತ್ತದ.”

ಮರುದಿನ ಚಿಂದಿಯ ಪಕ್ಕ ಒಂದು ಹಸಿರು ದಾರ ಇತ್ತು. ವಾರದೊಳಗೆ ಅಕ್ಕಿ ಗಿರಣಿಗೆ ಹೋಗುವ ಹೆಂಗಸರದೂ ಸೇರಿ ಆರೇಳು ದಾರಗಳಾದವು. ಹೂವು ಪೂರ್ತಿ ಅರಳಿದ ದಿನ ಅವ್ವನಂತೆ ನನ್ನ ಸೀರೆಯ ಟ್ರಂಕಿನಲ್ಲಿಡಲೆಂದು ಒಂದು ಗೊಂಚಲಿಗೆ ಕೈ ಹಾಕಿದೆ. ಗೋಡೆಯ ಆಚೆಯಿಂದ ಬಳೆಯಾಕೆ ಚೀರಿದಳು.

“ಯವ್ವಾ! ನಮ್ಮ ಪೋರಿ ಬಾಳೇವು ಅದರಾಗ ಅದ, ಕೀಳಬ್ಯಾಡ್ರಿ!”

ಬೈಯಬೇಕೆಂದಿದ್ದೆ, ಗೊಂಚಲು ಬಿಟ್ಟು ಕೈ ಹಿಂದೆ ತೆಗೆದೆ. ಟ್ರಂಕಿನಲ್ಲಿದ್ದ ಸೀರೆಗಳನ್ನೇ ತಂದು ಟೊಂಗೆಯ ಪಕ್ಕದ ತಂತಿಗೆ ಹಾಕಿದೆ. ಈಗ ದಿನಾ ಮಧ್ಯಾಹ್ನ ಅವುಗಳ ನಡುವೆ ಮಲಗುತ್ತೇನೆ. ಅವ್ವ ಇನ್ನೂ ತಿರುಗಿಲ್ಲ. ಆದರೆ ಎತ್ತಿದ ಕೈ ಕಾಣುತ್ತದೆ, ಮೊಣಕೈ ಹತ್ತಿರದ ಸುಟ್ಟ ಕಲೆಯೂ ಕಾಣುತ್ತದೆ.