ಕೋಳಿ ಕೂತಿದ್ದ ಜಾಕೆಟ್ಟು

ನಮ್ಮ ಮನೆಯ ಕೆಂಪು ಕೋಳಿ ಈ ಸಲ ಕಾವಿಗೆ ಕೂತದ್ದು ಒಂದು ಕಿತ್ತಳೆ ಬಣ್ಣದ ಜಾಕೆಟ್ಟಿನ ಮೇಲೆ. ಮೀನುಗಾರಿಕೆ ಇಲಾಖೆಯ ಸಾಹೇಬರು ಮನೆಗೊಂದರಂತೆ ಹಂಚಿಹೋದದ್ದು ಅದು. ತೆಪ್ಪ ಮಗುಚಿದರೆ ತೊಟ್ಟವನನ್ನು ನೀರಿನ ಮೇಲೆ ತೇಲಿಸುತ್ತದಂತೆ. ಸಾಸ್ವೆಹಳ್ಳಿ ಕಡೆಯ ನಮ್ಮ ಹೊಳೆದಂಡೆಯ ಕೇರಿಯಲ್ಲಿ ಅದು ಒಬ್ಬರಿಗೆ ತಲೆದಿಂಬಾಯಿತು, ಇನ್ನೊಬ್ಬರಿಗೆ ಬೈಕಿನ ಸೀಟಿನ ಮೆತ್ತೆಯಾಯಿತು, ನಮ್ಮಲ್ಲಿ ಕೋಳಿಗೆ ಗೂಡಾಯಿತು. ಹೊಳೆಗೆ ಮಾತ್ರ ಒಂದೂ ಇಳಿಯಲಿಲ್ಲ.

ಯಾಕೆಂದರೆ ನನ್ನ ಮೈದುನ ಬಸಪ್ಪ ತೊಡಲಿಲ್ಲ. ಅವನು ಕೇರಿಗೆ ಹಿರಿಯ. ಮೊದಲ ಬಲೆ ಅವನು ಬೀಸದೆ ಉಳಿದವರು ಬೀಸುವುದಿಲ್ಲ. "ಗಂಗವ್ವನ ಮಡ್ಲಾಗೆ ಕುಂತು ಉಣ್ಣೋರು ನಾವು. ಇದನ್ನ ಹಾಕ್ಕಂಡ್ರೆ ಆಯವ್ವನ ಮ್ಯಾಲೆ ನಂಬಿಕೆ ಇಲ್ಲ ಅಂದಂಗಾಗ್ತೈತೆ" ಎಂದ. ಅಲ್ಲಿಗೆ ಮುಗಿಯಿತು.

ಹಾಗಂತ ನಮ್ಮವರು ಹೊಸದನ್ನು ಮುಟ್ಟದವರು ಎಂದುಕೊಳ್ಳಬೇಡಿ. ನೈಲಾನ್ ಬಲೆ ಬಂದಾಗಲೂ ಹೊಳೆ ಮುನಿಯುತ್ತದೆ ಎಂದಿದ್ದರು. ಒಬ್ಬನ ಬುಟ್ಟಿ ತುಂಬ ಕಾಟ್ಲಾ ಮೀನು ಬಿದ್ದದ್ದನ್ನು ಕಂಡಮೇಲೆ ಹೊಳೆಯ ಮುನಿಸು ಎಂಟೇ ದಿನಕ್ಕೆ ಇಳಿಯಿತು. ಈಗ ತೆಪ್ಪದಲ್ಲಿ ಕೂತೇ ಹೊನ್ನಾಳಿಯ ಮೀನಿನ ದರ ಮೊಬೈಲಿನಲ್ಲಿ ಕೇಳುತ್ತಾರೆ. ಬಲೆ ಹಿಡಿದ ಮೀನು ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ಜಾಕೆಟ್ಟು ಉಳಿಸಿದ ಜೀವವೋ, ಸಂಜೆ ಮನೆಗೆ ಬಂದು ಎಂದಿನಂತೆ ಸಾರಿಗೆ ಉಪ್ಪು ಸಾಲದು ಎನ್ನುತ್ತದೆ. ಅದಕ್ಕೆ ಯಾರು ಹಾರ ಹಾಕುತ್ತಾರೆ?

ನನ್ನ ಗಂಡನಿಗೆ ಚೆನ್ನಾಗಿ ಈಜು ಬರುತ್ತಿತ್ತು. ಬಲೆ ಕಾಲಿಗೆ ಸುತ್ತಿಕೊಂಡಿತು, ಹೋದ. ಗಂಗವ್ವನ ಮೇಲೆ ಅವನಿಗಿದ್ದ ನಂಬಿಕೆ ಬಸಪ್ಪನದಕ್ಕಿಂತ ಒಂದು ಗುಲಗಂಜಿಯೂ ಕಡಿಮೆಯಿರಲಿಲ್ಲ.

ಈ ಮಳೆಗಾಲ ಹೊಳೆ ಕೆಂಪಾಗಿ ಏರಿದ ಬೆಳಗ್ಗೆ ಮಗ ಮಲ್ಲೇಶಿ ಬಲೆ ಹೆಗಲಿಗೇರಿಸಿದ. ಜಾಕೆಟ್ಟು ತೊಡು ಎಂದೆ. "ಸುಮ್ನಿರವ್ವ, ನಾಕು ಮಂದಿ ನಗ್ತಾರೆ" ಎಂದ. ನಾನು ಕೋಳಿಯನ್ನೆಬ್ಬಿಸಿ, ಮೊಟ್ಟೆಗಳನ್ನು ಹುಲ್ಲಿನ ಬುಟ್ಟಿಗಿಳಿಸಿ, ಪುಕ್ಕ ಮೆತ್ತಿದ್ದ ಜಾಕೆಟ್ಟನ್ನು ಸೀರೆಯ ಮೇಲೇ ಬಿಗಿದುಕೊಂಡು ಹೋಗಿ ಅವನ ತೆಪ್ಪದಲ್ಲಿ ಕೂತುಬಿಟ್ಟೆ. ನಮ್ಮಲ್ಲಿ ಹೆಂಗಸು ಮೀನು ಮಾರಬಹುದು. ಬಲೆಗೆ ಹೊರಟ ತೆಪ್ಪ ಹತ್ತಿದರೆ ಮಾತ್ರ, ಅವಳು ಇಳಿಯುವತನಕ ಕೇರಿಯ ಒಂದು ತೆಪ್ಪವೂ ನೀರಿಗಿಳಿಯುವುದಿಲ್ಲ.

ಬಸಪ್ಪ ಓಡಿಬಂದ. "ಅತ್ತಿಗೆ, ಇಳೀರಿ! ಏನಿದು ಸೋಗು?"

"ನನ್ ಮಗ ಇದನ್ನ ಹಾಕ್ಕಳ್ಳೋಗಂಟ ಇಳಿಯಲ್ಲ."

"ಗಂಗವ್ವ ಏನಂದ್ಕಂತಾಳೆ?"

"ನಿಮ್ಮಣ್ಣನ್ನ ಕರ್ಕಂಡೋಗಾಕೆ ಅವಳು ನನ್ನ ಕೇಳಿದ್ಲೇನು? ಈಗ ನಾನೂ ಅವಳನ್ನ ಕೇಳಲ್ಲ."

ದಂಡೆಯಲ್ಲಿದ್ದವನೊಬ್ಬ ನಕ್ಕ: "ಅಜ್ಜಿ ಕುಂಬಳಕಾಯಿ ಆಗ್ಯಾಳೆ!"

"ಕುಂಬಳಕಾಯಿ ತೇಲ್ತೈತಲೇ. ನೀನು?"

ಬಿಸಿಲು ನೆತ್ತಿಗೇರಿತು, ಬಲೆಗಳು ದಂಡೆಯಲ್ಲೇ ಒಣಗಿದವು. ಕೊನೆಗೆ ಮಲ್ಲೇಶಿ ನಾನು ಬಿಚ್ಚಿಕೊಟ್ಟ ಜಾಕೆಟ್ಟು ಇಸಿದುಕೊಂಡು ಮನೆಗೆ ಹೋದ; ಬಂದಾಗ ಅದರ ಮೇಲೆ ಅವರಪ್ಪನ ದೊಗಳೆ ಅಂಗಿ ತೊಟ್ಟು, ಕಾಣದಂತೆ ಗುಂಡಿ ಹಾಕಿಕೊಂಡಿದ್ದ. ಹೋಗಲಿ ಎಂದು ಇಳಿದೆ.

ಆಮೇಲೆ ಒಬ್ಬೊಬ್ಬರಾಗಿ ನಮ್ಮ ಕೇರಿಯ ಗಂಡಸರಿಗೆಲ್ಲ ಹೊಟ್ಟೆ ಬಂತು. ಬಸಪ್ಪನದು ಎಲ್ಲರಿಗಿಂತ ದೊಡ್ಡದು. "ಚಳಿ ಅತ್ತಿಗೆ, ಒಳಗೆ ಸ್ವೆಟರ್ ಐತೆ" ಎನ್ನುತ್ತಾನೆ. ಅಂಗಿಯ ಮೇಲೆ ತೊಡುವತನಕ ನಾನು ದಿನಾ ದಂಡೆಗೆ ಹೋಗುವವಳೇ, ಈಗ ಹತ್ತಿದೆನೋ ಎಂಬಂತೆ ತೆಪ್ಪದ ಅಂಚಿಗೆ ಕೈಯಿಟ್ಟು ನಿಲ್ಲುವವಳೇ.

ಕೋಳಿ ಅವತ್ತೊಂದು ಗಳಿಗೆ ನನ್ನ ಮೇಲೆ ಮುನಿಸಿಕೊಂಡಿತ್ತು. ಆಮೇಲೆ ಹುಲ್ಲಿನ ಬುಟ್ಟಿಯಲ್ಲಿ ರೆಕ್ಕೆ ಹರಡಿ ಕೂತಿತು, ದಿನ ತುಂಬಿದ ಮೇಲೆ ಮರಿಯನ್ನೂ ಮಾಡಿತು. ಪಕ್ಕದ ಮನೆಯ ಕೋಳಿ ಏನಂದುಕೊಳ್ಳುತ್ತದೋ ಎಂದು ಅದು ಕೇಳಲಿಲ್ಲ.