ನಕ್ಷೆಯಲ್ಲಿ ಬಿಟ್ಟ ಬೀದಿ

ಗೋಣಿಚೀಲದಿಂದ ತೆಗೆದ ಕೋಲಿನ ಬುಡವನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಾಗ ಅರಿಶಿನದ ವಾಸನೆ ಬಂತು. ಅಡುಗೆಮನೆಯ ಡಬ್ಬಿಯ ಪುಡಿಯದಲ್ಲ. ಬೇಯಿಸಿ, ಬಿಸಿಲಿಗೆ ಹರಡಿ, ಮೂಟೆ ಕಟ್ಟಿದ ಕೊಂಬುಗಳದು, ಸ್ವಲ್ಪ ಮಣ್ಣು, ಸ್ವಲ್ಪ ಹೊಗೆ, ಗಂಟಲಿಗೆ ಇಳಿಯುವ ಕಹಿ. ಕೋಲು ಎಂದು ನಾವು ಕರೆಯುತ್ತಿದ್ದುದು ಜಾಯ್‌ಸ್ಟಿಕ್ಕನ್ನು. ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸಲು ಚಿಕ್ಕಪ್ಪ ಇಟ್ಟುಕೊಂಡಿದ್ದ ಕಪ್ಪು ಕೋಲು, ಹೆಬ್ಬೆರಳಿನ ಜಾಗದಲ್ಲಿ ಒಂದು ಕೆಂಪು ಗುಂಡಿ. ಎರಡು ವರ್ಷದ ಹಿಂದೆ ಚಿಕ್ಕಪ್ಪ ತೀರಿಕೊಂಡಾಗ ಚಿಕ್ಕಮ್ಮ ಅದನ್ನು ನನ್ನ ಕೈಗಿಟ್ಟು, "ನನ್ಗಿಂತ ಇದ್ರ ಮ್ಯಾಲೇ ಅವ್ರಿಗೆ ಪ್ರೀತಿ ಜಾಸ್ತಿ ಇತ್ತು ಕಣವ್ವ, ನೀನೇ ಇಟ್ಕ" ಅಂದಿದ್ದಳು. ಚಾಮರಾಜನಗರದಲ್ಲಿ ನಮ್ಮ ಮನೆ ಇದ್ದ ಜಾಗದಲ್ಲಿ ಈಗ ಮೂರಂತಸ್ತಿನ ಕಟ್ಟಡವಿದೆ, ಕೆಳಗೆ ಮೊಬೈಲ್ ಅಂಗಡಿ, ಮೇಲೆ ಟ್ಯೂಷನ್ನು. ಗುರುತಿಗೆಂದು ಒಂದು ಚಪ್ಪಡಿಯೂ ಉಳಿದಿಲ್ಲ. ಈ ಕೋಲಿನ ಸಂದಿಯಲ್ಲಿ ಮಾತ್ರ ಚಿಟಿಕೆಯಷ್ಟು ಹಳದಿ ಪುಡಿ ಕೂತುಕೊಂಡಿತ್ತು.

ನಮ್ಮದು ಅರಿಶಿನದ ವ್ಯಾಪಾರದ ಮನೆ. ಮುಂದುಗಡೆ ಮಂಡಿ, ಮಂಡಿಯ ಮುಂದೆ ಬೀದಿಗೆ ಚಾಚಿದ ಕಲ್ಲಿನ ಜಗಲಿ, ಹಿಂದಿನ ಬಾಗಿಲು ದಾಟಿದರೆ ನಾವಿರುವ ಮನೆ. ವ್ಯಾಪಾರ ಅಪ್ಪನದು. ಅಪ್ಪನ ತಮ್ಮ ಮಾದಸ್ವಾಮಿ ಚಿಕ್ಕಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಭಾನುವಾರ ಮಂಡಿಗೆ ರಜೆ, ಅವತ್ತು ಅದು ಚಿಕ್ಕಪ್ಪನ ವಿಮಾನ ನಿಲ್ದಾಣ. ಮೂಟೆಗಳ ನಡುವೆ ಮೇಜು, ಮೇಜಿನ ಮೇಲೆ ವೈರಿನಿಂದ ಜೋಡಿಸಿದ ಎರಡು ಕಂಪ್ಯೂಟರು, ಟೇಬಲ್ ಫ್ಯಾನಿನ ಗಾಳಿಗೆ ಏಳುವ ಹಳದಿ ಧೂಳು. ಹಳೆಯ ಮಹಾಯುದ್ಧದ ವಿಮಾನಗಳಲ್ಲಿ ಕಾದಾಡುವ ಆಟ ಅದು. "ಆಟ ಅನ್ಬ್ಯಾಡ ಕಣಮ್ಮಿ, ಸಿಮ್ಯುಲೇಟರ್ ಅನ್ನು" ಎಂದು ಚಿಕ್ಕಪ್ಪ ಗದರುತ್ತಿದ್ದ. ಕೆಲವು ವರ್ಷಕ್ಕೊಮ್ಮೆ ಅದರ ಹೊಸ ಭಾಗ ಬರುತ್ತಿತ್ತು. ಹಳೆಯ ಭಾಗಗಳನ್ನು ಸಾಯಗೊಡದೆ ಕಾಪಾಡುತ್ತಿದ್ದವರು ಆಡುವವರೇ. ಮುಖ ಕಾಣದ ದೇಶಗಳಲ್ಲಿ ಕೂತು ಯಾರೋ ಹೊಸ ವಿಮಾನ ಮಾಡುತ್ತಿದ್ದರು, ಯಾರೋ ತಮ್ಮೂರಿನ ನಕ್ಷೆ ಮಾಡುತ್ತಿದ್ದರು, ಎಲ್ಲವನ್ನೂ ಇಂಟರ್‌ನೆಟ್ಟಿನ ಒಂದು ಫೋರಮ್ಮಿನಲ್ಲಿ ಪುಕ್ಕಟೆ ಹಂಚುತ್ತಿದ್ದರು. ಚಿಕ್ಕಪ್ಪನಿಗೆ ಆ ಲೋಕ ನಮ್ಮ ನೆಂಟರಿಷ್ಟರಿಗಿಂತ ಹತ್ತಿರದ್ದಾಗಿತ್ತು.

ಭಾನುವಾರ ಬೆಳಗಿನ ಬಸ್ಸಿಗೆ ಉಮ್ಮತ್ತೂರಿನಿಂದ ಸಿದ್ದರಾಜಣ್ಣ ಬರುತ್ತಿದ್ದ. ಕೂಲಿ ಮಾಡುವವರ ಮನೆಯವನು, ಪಿಯುಸಿ ಮುಗಿಸಿ ಕೆಲಸ ಹುಡುಕುತ್ತಿದ್ದ ತೆಳ್ಳಗಿನ ಯುವಕ. ಚಿಕ್ಕಪ್ಪನ ಕಚೇರಿಗೆ ಅರ್ಜಿ ಹಿಡಿದು ಬಂದವನು ಅಲ್ಲಿನ ಕಂಪ್ಯೂಟರಿನಲ್ಲಿ ವಿಮಾನದ ಚಿತ್ರ ನೋಡಿ ನಿಂತುಬಿಟ್ಟನಂತೆ. ಅವನು ಚಿಕ್ಕಪ್ಪನ ಜೋಡಿ. ಚಿಕ್ಕಪ್ಪನ ವಿಮಾನದ ಬಾಲ ಕಾಯುವುದು ಅವನ ಕೆಲಸ. ಹನ್ನೊಂದು ವರ್ಷದ ನಾನು ಯಾರ ಪಕ್ಕದಲ್ಲಾದರೂ ಕೂತು ಹಿಂದೆ ಶತ್ರು ಬಂದರೆ ಕೂಗಬೇಕು, ಯಾರಾದರೂ ಸತ್ತರೆ ಅವರ ಜಾಗಕ್ಕೆ ಕೂರಬೇಕು. ಸತ್ತವರಿಗೆ ನಮ್ಮ ಮಂಡಿಯಲ್ಲೊಂದು ನಿಯಮವಿತ್ತು. ವಿಮಾನ ಉರುಳಿಸಿಕೊಂಡವರು ಎದ್ದು ಹೋಗಿ ಜಗಲಿಯ ಮೇಲೆ ಕೂರಬೇಕು, ಆ ಕಾಳಗ ಮುಗಿಯುವವರೆಗೆ ಒಳಗೆ ಬರುವಂತಿಲ್ಲ. ಅಜ್ಜಿ ಇದನ್ನು ಸೂತಕವೆಂದೇ ನಂಬಿದಂತೆ ನಟಿಸಿ, ಸತ್ತವರಿಗೆ ಹುರಿಗಡಲೆ, ಬೆಲ್ಲ ತಂದುಕೊಡುತ್ತಿದ್ದಳು. ಬೆಲ್ಲದಾಸೆಗೆ ನಾನು ಬೇಕೆಂದೇ ಸತ್ತದ್ದಿದೆ. ಕಾಫಿ ಬಂದಾಗ ಮಾತ್ರ ಬೇರೆ ನಿಯಮ. ನಮಗೆ ಸ್ಟೀಲಿನ ಲೋಟ, ಒಳಗೇ. ಸಿದ್ದರಾಜಣ್ಣನಿಗೆ ಗಾಜಿನ ಲೋಟ, ಅದು ಜಗಲಿಯ ಗೂಡಿನಲ್ಲಿರುತ್ತಿತ್ತು, ಕುಡಿದು ತೊಳೆದು ಅವನೇ ಬೋರಲು ಹಾಕುತ್ತಿದ್ದ. "ನಂಗೇನ್ ಗೌರವ್ವ, ಬದ್ಕಿದ್ರೂ ಜಗ್ಲಿ, ಸತ್ರೂ ಜಗ್ಲಿ" ಎಂದು ಒಮ್ಮೆ ನನಗೆ ಹೇಳಿ ನಕ್ಕ. ನಾನೂ ನಕ್ಕೆ. ಆ ನಗು ಈಗ ನೆನಪಾದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವ ಹಾಗಾಗುತ್ತದೆ.

ನಮ್ಮ ಸೀಮೆಯ ನಕ್ಷೆ ಮಾಡೋಣ ಎಂದು ಹೊಳೆದದ್ದು ಯಾರಿಗೋ ನೆನಪಿಲ್ಲ. ಬೆಟ್ಟಗುಡ್ಡಗಳ ಎತ್ತರವನ್ನು ಚಿಕ್ಕಪ್ಪ ಇಂಟರ್‌ನೆಟ್ಟಿನಿಂದ ತಂದ. ಆದರೆ ದಾರಿ, ಕೆರೆ, ಮರ, ಮನೆ ಎಲ್ಲವನ್ನೂ ಒಂದೊಂದಾಗಿ ಕೈಯಲ್ಲಿ ಕೂರಿಸಬೇಕಿತ್ತು. ಅದನ್ನು ನೋಡಿ ಬರೆದು ತಂದವನು ಸಿದ್ದರಾಜಣ್ಣ. ಸೈಕಲ್ಲಿನಲ್ಲಿ ಪುಣಜನೂರಿನ ಕಾಡಂಚಿನವರೆಗೆ, ಇತ್ತ ಗುಂಡ್ಲುಪೇಟೆಯವರೆಗೆ ಹೋಗಿ, ಹುಣಸೆಮರಗಳನ್ನು ಎಣಿಸಿ, ಕೆರೆ ಏರಿಯನ್ನು ಹೆಜ್ಜೆಯಲ್ಲಿ ಅಳೆದು, ಉದ್ದನೆಯ ನೋಟ್‌ಬುಕ್ಕಿನಲ್ಲಿ ಗುರುತು ಮಾಡಿ ತರುತ್ತಿದ್ದ. ಗುಂಡ್ಲುಪೇಟೆಯ ದಾರಿಯ ಚೆಂಡುಹೂವಿನ ಹೊಲಗಳಿಗೆ ಬಣ್ಣ ಬಳಿದಾಗ, "ಇದು ಮದ್ವೆಮನೆ ಅರಿಶಿನ ಆಯ್ತು, ಒಸಿ ಕೆಂಪು ಬುಡಿ ಸ್ವಾಮೇರೆ" ಎಂದು ಮೂರು ಸಲ ಬದಲಾಯಿಸಿದ. ಅವನು ಓದಿ ಹೇಳುತ್ತಿದ್ದ, ನಾನು ಮೌಸ್ ಹಿಡಿದು ಮನೆಗಳನ್ನು ಇಡುತ್ತಿದ್ದೆ. ನಮ್ಮ ಮಂಡಿಯನ್ನೂ ಜಗಲಿಯನ್ನೂ ಇಟ್ಟೆವು. ಉಮ್ಮತ್ತೂರು ಇಡುವಾಗ ಒಂದು ಮೂಲೆ ಖಾಲಿ ಉಳಿಯಿತು. "ಇಲ್ಲೇನೂ ಇಲ್ವಾ? ನಿಮ್ಮನೆ ಎಲ್ಲಿ ಬರುತ್ತೆ?" ಅಂದೆ. "ಆಮ್ಯಾಕೆ ಹಾಕನ ಬುಡವ್ವ" ಅಂದು ಹಾಳೆ ತಿರುಗಿಸಿದ. ಮೂರು ವರ್ಷದ ಭಾನುವಾರಗಳು ಆ ನಕ್ಷೆಗೆ ಹೋದವು.

ಆ ಲೋಕದಲ್ಲೊಂದು ಕಟ್ಟುನಿಟ್ಟಿನ ಪದ್ಧತಿಯಿದೆ. ಏನೇ ಮಾಡಿ ಹಂಚಿದರೂ ಜೊತೆಗೊಂದು ಹಾಳೆ ಇಡಬೇಕು, ಯಾರು ಯಾರು ಏನು ಮಾಡಿದರೆಂದು ಅದರಲ್ಲಿ ಬರೆಯಬೇಕು. ಯಾರಿಗೂ ಸಂಬಳವಿಲ್ಲದ ಕಡೆ ಹೆಸರೇ ಸಂಬಳ. ಚಿಕ್ಕಪ್ಪ ಹೇಳಿದ, ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಚಿಕ್ಕಪ್ಪನ ಹೆಸರು, ನನ್ನ ಹೆಸರು. ಸಿದ್ದರಾಜಣ್ಣನ ಹೆಸರನ್ನು ನಾನೇ ಸೇರಿಸಿದ್ದೆ. ಚಿಕ್ಕಪ್ಪ ನೋಡಿ, "ಅದ್ನ ತೆಗೆ. ಅವ್ನೇ ಬ್ಯಾಡ ಅಂದವ್ನೆ ಕಣಮ್ಮಿ" ಅಂದ. ನಾನು ಒಂದೊಂದೇ ಅಕ್ಷರ ಅಳಿಸಿದೆ. ಮುಂದಿನ ಭಾನುವಾರ ಸಿದ್ದರಾಜಣ್ಣ ಆ ಹಾಳೆಯದೊಂದು ಪ್ರಿಂಟು ಕೇಳಿ ಪಡೆದು, ಓದದೆಯೇ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಕಾಫಿ ಕುಡಿದು ಲೋಟ ಬೋರಲು ಹಾಕಿ ಹೋದವನು ಮತ್ತೆ ಬರಲಿಲ್ಲ. ಎಷ್ಟೋ ಭಾನುವಾರ ಜಗಲಿಯಲ್ಲಿ ಕೂತು ಉಮ್ಮತ್ತೂರು ಬಸ್ಸಿನವರ ಮುಖ ನೋಡಿದೆ. "ಕೆಲ್ಸ ಆಯ್ತಂತೆ, ಇನ್ಯಾಕ್ ಬತ್ತನೆ" ಎಂದ ಚಿಕ್ಕಪ್ಪ. ಹೆಸರೂ ಬೇಡ, ನಾವೂ ಬೇಡ ಅಂದುಕೊಂಡು ಹೋದ ಸೊಕ್ಕಿನವನು ಎಂದು ನಾನು ಅವನ ಮೇಲೆ ವರ್ಷಗಟ್ಟಲೆ ಸಿಟ್ಟು ಸಾಕಿಕೊಂಡೆ.

ಕೋಲಿನಿಂದ ಅರಿಶಿನದ ವಾಸನೆ ಬಂದ ಆ ದಿನ ನನಗೆ ಮನೆ ನೋಡಬೇಕೆನಿಸಿತು. ನಿಜವಾದದ್ದಿಲ್ಲ, ನಕ್ಷೆಯೊಳಗಿನದಾದರೂ ಇದೆಯೇನೋ ಎಂದು ಫೋರಂ ಹುಡುಕಿದೆ. ಇತ್ತು. ಯಾವುದೋ ದೂರದೇಶದವನೊಬ್ಬ ಅದನ್ನು ಸರಣಿಯ ಹೊಸ ಭಾಗಕ್ಕೆ ಹೊಂದಿಸಿ ಜೀವಂತ ಇಟ್ಟಿದ್ದ. ಅದರ ಕೆಳಗೆ ಒಂದು ವಿಡಿಯೊ. ಚಿಕ್ಕಪ್ಪ ತೀರಿಕೊಂಡ ಸುದ್ದಿ ತಿಳಿದು, ಹತ್ತಾರು ದೇಶದವರು ಒಂದೇ ಹೊತ್ತಿಗೆ ಕೂತು, ನಮ್ಮ ಸೀಮೆಯ ಮೇಲೆ ವಿಮಾನಗಳ ಸಾಲು ಹಾರಿಸಿದ್ದರು. ಸಾಲಿನಲ್ಲಿ ಒಂದು ಜಾಗ ಖಾಲಿ, ಹೋದವರಿಗಾಗಿ ಹಾಗೆ ಬಿಡುವುದು ಅವರ ಮರ್ಯಾದೆ. ಆ ಸಾಲು ನಮ್ಮ ಹೆಂಚಿನ ಮನೆಯ ಮೇಲೆ ಹಾದುಹೋದಾಗ ನಾನು ಬಿಕ್ಕಿ ಬಿಕ್ಕಿ ಅತ್ತೆ. ಅತ್ತು ಸಮಾಧಾನವಾದ ಮೇಲೆ, ಚಿಕ್ಕಪ್ಪನ ಮಾತು ಕೇಳುವ ಆಸೆಯಿಂದ, ಅವನು ಬರೆದಿದ್ದ ಹಳೆಯ ಉತ್ತರಗಳನ್ನೆಲ್ಲ ಓದುತ್ತ ಕೂತೆ. ಓದಬಾರದಿತ್ತು.

ಮರಗಳು ಇಷ್ಟು ಕರಾರುವಾಕ್ಕಾಗಿ ಹೇಗೆ ಬಂದವು ಎಂದು ಒಬ್ಬ ಕೇಳಿದ್ದ. ಎಲ್ಲ ದಾರಿಯನ್ನೂ ನಾನೇ ಸೈಕಲ್ಲಿನಲ್ಲಿ ಸುತ್ತಿ ಎಣಿಸಿದೆ ಎಂದು ಚಿಕ್ಕಪ್ಪನ ಉತ್ತರ. ಚಿಕ್ಕಪ್ಪನಿಗೆ ಸೈಕಲ್ಲೇ ಬರುತ್ತಿರಲಿಲ್ಲ. ಹೂವಿನ ಹೊಲದ ಬಣ್ಣವನ್ನು ಇನ್ನೊಬ್ಬ ಹೊಗಳಿದ್ದ, ಅದಕ್ಕೂ ಧನ್ಯವಾದ ಹೇಳಿದ್ದ. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿ ದೊಡ್ಡ ಮನುಷ್ಯನಾದ. ಮತ್ತೊಬ್ಬ, ಉಮ್ಮತ್ತೂರಿನ ಒಂದು ಮೂಲೆ ಏಕೆ ಖಾಲಿ ಎಂದು ಕೇಳಿದ್ದ. ಅಲ್ಲಿ ಚಿಕ್ಕಪ್ಪ ಬರೆದಿದ್ದ: ಊರಿನ ಆಳೊಬ್ಬನಿಂದ ಒಂದಷ್ಟು ವಿವರ ತರಿಸಿದ್ದೆ, ಅವನು ಮಾಡಿದ ತಪ್ಪು ಅದು. ಅಷ್ಟು ವರ್ಷದ ಮಾತುಕತೆಯಲ್ಲಿ ಸಿದ್ದರಾಜಣ್ಣ ಬಂದದ್ದು ಅದೊಂದೇ ಕಡೆ, ಅದೂ ತಪ್ಪಿಗೆ. ಆ ತಪ್ಪನ್ನು ತಿದ್ದುತ್ತೇನೆಂದು ಹೊಸ ನಕ್ಷೆಯ ಆ ದೂರದೇಶದವನು ಖಾಲಿ ಜಾಗದಲ್ಲಿ ಮನೆಗಳನ್ನು ತುಂಬಿಸಿದ್ದ. ನನ್ನ ಬಾಲ್ಯದ ಅತ್ಯಂತ ಒಳ್ಳೆಯ ಭಾನುವಾರಗಳನ್ನು ಕೊಟ್ಟವನೇ ನಂಬಿಸಿ ಕುತ್ತಿಗೆ ಕೊಯ್ದಿದ್ದ, ಚೂರಿ ನನ್ನ ಕೈಯಲ್ಲೇ ಹಿಡಿಸಿದ್ದ. ಜಗಳಕ್ಕಾದರೂ ಅವನು ಬದುಕಿರಬೇಕಿತ್ತು.

ಸಿದ್ದರಾಜಣ್ಣ ಈಗ ಗುಂಡ್ಲುಪೇಟೆಯ ಒಂದು ಕಚೇರಿಯಲ್ಲಿ ಅಟೆಂಡರು ಎಂದು ತಿಳಿಯಲು ಕಷ್ಟವಾಗಲಿಲ್ಲ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಎದುರುಬದುರು ಕೂತೆವು. ತಲೆ ನರೆತಿತ್ತು, ನಗು ಅದೇ. ಜೀವನದಲ್ಲಿ ಮೊದಲ ಸಲ ಅವನನ್ನು 'ನೀವು' ಅಂದೆ. "ಸಿದ್ದರಾಜಣ್ಣ, ಹೆಸರು ಬೇಡ ಅಂತ ನೀವೇ ಅಂದಿದ್ರಂತೆ ಚಿಕ್ಕಪ್ಪನ ಹತ್ರ?"

"ಬ್ಯಾಡ ಅನ್ನಕೆ, ಮೊದ್ಲು ಬೇಕಾ ಅಂತ ಕೇಳ್ಬೇಕಲ್ವ ಗೌರವ್ವ" ಅಂದ. ಕಾಫಿಯನ್ನು ನಿಧಾನವಾಗಿ ಆರಿಸಿಕೊಂಡ. "ಅವ್ವನ್ಗೆ ತೋರ್ಸನ ಅಂತ ಕಾಗ್ದ ಈಸ್ಕೊಂಡೋದೆ. ಬಸ್ನಲ್ಲಿ ಬುಚ್ಚಿ ಎಲ್ಡು ಸಲ ಓದ್ದೆ. ನಿಮ್ ಹೆಸ್ರಿತ್ತು. ಅವ್ವನ್ಗೆ ಓದಕ್ ಬರಲ್ಲ. ನಿಮ್ ಹೆಸ್ರ ಮ್ಯಾಲೆ ಬೆರ್ಳಿಟ್ಟು, ಇದೇ ಕಣವ್ವ ನನ್ ಹೆಸ್ರು ಅಂತ ತೋರ್ಸ್ಬುಟ್ಟೆ. ಗ್ವಾಡೆಗೆ ಅಂಟ್ಸ್ಕೊಂಡ್ಲು."

ತಿದ್ದಿಸುತ್ತೇನೆ, ಎಲ್ಲ ಬರೆದು ನಿಮ್ಮ ಹೆಸರು ಹಾಕಿಸುತ್ತೇನೆ ಎಂದು ತಡವರಿಸಿದೆ. ಮಾತಿನ ನಡುವೆ ಆ ಖಾಲಿ ಮೂಲೆಯ ವಿಷಯವೂ ಬಂತು.

"ಅದು ತಪ್ಪಲ್ಲ ಕಣವ್ವ. ನಮ್ ಬೀದಿ ಅದು. ಬಾಂಬ್ ಹಾಕೋ ಆಟ ಅಲ್ವ, ಎಲ್ಲೆಲ್ಲಿಂದ್ಲೋ ಬಂದು ಹಾಕ್ತರೆ. ಮಧ್ಯಾನ ಹೊತ್ನಲ್ಲಿ ಅವ್ವ ಬಾಗ್ಲಲ್ಲೇ ಮನ್ಗಿರೋಳು. ಅದ್ಕೇ ಬುಟ್ಬುಟ್ಟೆ."

ಅಲ್ಲೀಗ ಮನೆ ತುಂಬಿಸಿದ್ದಾರೆ ಎಂದು ಹೇಳಲೇಬೇಕಾಯಿತು. ಅವನು ಲೋಟವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, "ಹೆಸ್ರು ಬ್ಯಾಡ ಬುಡಿ, ಈಗ್ಯಾಕೆ. ಆ ಬೀದಿ ತೆಗ್ಸ್ಬುಡಿ. ಅವ್ವ ಇನ್ನೂ ಅವ್ಳೆ" ಅಂದ. ಚಿಕ್ಕಪ್ಪ ಹೇಳಿದ್ದ ಸುಳ್ಳನ್ನು ಇಷ್ಟು ವರ್ಷದ ಮೇಲೆ ಅವನು ನನ್ನೆದುರೇ ನಿಜ ಮಾಡಿಬಿಟ್ಟ.

ಹೊಸ ನಕ್ಷೆಯವನಿಗೆ ಬರೆದೆ. ಕಾರಣವೇನೆಂದು ಕೇಳಿದ. ಅಲ್ಲಿ ಒಬ್ಬ ಮುದುಕಿ ಮಧ್ಯಾಹ್ನ ಮಲಗುತ್ತಾಳೆ ಎಂದಷ್ಟೇ ತಿಳಿಸಿದೆ. ಆ ಪುಣ್ಯಾತ್ಮ ಇನ್ನೊಂದು ಪ್ರಶ್ನೆ ಕೇಳದೆ ಮನೆಗಳನ್ನು ತೆಗೆದ. ಹೋದ ಭಾನುವಾರ ಹಳೆಯ ಕೋಲನ್ನು ಸಿಕ್ಕಿಸಿಕೊಂಡು ಕೂತೆ. ಉಮ್ಮತ್ತೂರಿನ ಮೇಲೆ ಎರಡು ಸುತ್ತು ಹಾಕಿದೆ, ಆ ಮೂಲೆ ಬರೀ ನೆಲವಾಗಿ, ಬಿಸಿಲಿನಲ್ಲಿ ತಣ್ಣಗಿತ್ತು. ಅಲ್ಲಿಂದ ಚಾಮರಾಜನಗರದ ಕಡೆ ತಿರುಗಿಸಿದೆ. ರೆಕ್ಕೆಯ ಕೆಳಗೆ ಬಾಂಬುಗಳಿದ್ದವು, ಬೇಕೆಂದೇ ಹೇರಿಕೊಂಡು ಬಂದಿದ್ದೆ. ಆ ಮಂಡಿ, ಆ ಜಗಲಿ, ಆ ಲೋಟದ ಗೂಡು ಏನೂ ಉಳಿಯಬಾರದೆಂದು ತೀರ್ಮಾನಿಸಿದ್ದೆ. ಹೆಂಚು ಕಾಣಿಸಿತು, ಹೆಬ್ಬೆರಳು ಕೆಂಪು ಗುಂಡಿಯ ಮೇಲಿತ್ತು. ಅಜ್ಜಿ ಜಗಲಿಯಲ್ಲಿ ಸತ್ತವರಿಗೆ ಬೆಲ್ಲ ಒಡೆಯುತ್ತಾ ಕೂತಿದ್ದಾಳೇನೋ ಅನ್ನಿಸಿತು. ಒತ್ತಲಾಗಲಿಲ್ಲ, ಅಷ್ಟರಲ್ಲಿ ಮನೆ ಹಿಂದೆ ಹೋಗಿತ್ತು.