ಮಸಗುಪ್ಪಿಯ ಕಣದಲ್ಲಿ ಗ್ಲೈಡರ್

ನಮ್ಮ ಕ್ಲಬ್ಬಿಗೆ ಇದ್ದದ್ದು ಒಂದೇ ಗ್ಲೈಡರ್. ಇಂಜಿನ್ ಇಲ್ಲದ, ಬಟ್ಟೆ ರೆಕ್ಕೆಯ ಆ ವಿಮಾನವನ್ನು ಒಂದು ಮಧ್ಯಾಹ್ನ ಗಾಳಿ ಬಿದ್ದುಹೋದದ್ದರಿಂದ ಮಸಗುಪ್ಪಿಯ ಕಣವೊಂದರ ಪಕ್ಕ ಇಳಿಸಿದೆ. ಅಲ್ಲಿ ಜೋಳ ತೂರುವವರೂ ಗಾಳಿಗಾಗಿಯೇ ಕಾದು ಕೂತಿದ್ದರು. ಪಡುವಣದಲ್ಲಿ ಮೋಡ ಕಟ್ಟಿತ್ತು.

"ಗಾಳಿ ಎಲ್ಲಾ ಮ್ಯಾಲ ನೀವ ಖರ್ಚ ಮಾಡಿದ್ರೇನ್ರಿ ಸಾಹೇಬ್ರ?" ಎಂದ ಕಣದ ಯಜಮಾನ. "ಮೊದಲ ಬೂಟ ಕಳೀರಿ. ಕಣದಾಗ ನಡಿಯಂಗಿಲ್ಲ."

ಬೂಟು ಬಿಚ್ಚುವಷ್ಟರಲ್ಲಿ ಗಾಳಿ ಎದ್ದಿತು. ಎಲ್ಲರೂ ಬುಟ್ಟಿ ಹಿಡಿದು ಓಡಿದರು. ನನ್ನ ಗ್ಲೈಡರಿನ ರೆಕ್ಕೆಯೂ ಎದ್ದಿತು. ಬಿಟ್ಟರೆ ಮಗುಚಿ ಮುರಿಯುತ್ತದೆ. ಅದಕ್ಕೆ ಜೋತುಬಿದ್ದು ಕೂಗಿದೆ: "ಒಬ್ಬರಾದ್ರೂ ಬರ್ರಿ!"

"ಮಳಿ ಬಂದ್ರ ವರ್ಷದ ಕೂಳು ಹೋಗ್ತೈತ್ರಿ. ಮನಷ್ಯಾರನ್ನ ಕೊಡಾಕ ಆಗೂದಿಲ್ಲ," ಎಂದ ಯಜಮಾನ, ತೂರುವುದನ್ನು ನಿಲ್ಲಿಸದೆ. ಸ್ವಲ್ಪ ಹೊತ್ತಿಗೆ ಅರ್ಧ ತುಂಬಿದ ಚೀಲವೊಂದನ್ನು ಹೊತ್ತು ತಂದು ರೆಕ್ಕೆಯ ತುದಿಯ ಮೇಲಿಟ್ಟ.

"ಮೊದಲ ತೂರಿದ್ದು ದೇವರ ಪಾಲ್ರಿ. ಇವತ್ತ ದೇವರು ಇಲ್ಲೇ ಕುಂಡ್ರಲಿ. ನೀವು ಬುಟ್ಟಿ ಎತ್ತಿ ಕೊಡಾಕ ಬರ್ರಿ."

ಮಳೆಗೆ ಮುಂಚೆ ರಾಶಿ ಮುಗಿಯಿತು. ಇಳಿದ ಮೇಲೆ ರೆಕ್ಕೆ ಹಿಡಿದವರು ಯಾರು ಎಂದು ಕ್ಲಬ್ಬಿನ ಪುಸ್ತಕದಲ್ಲಿ ಬರೆಯಬೇಕಿತ್ತು. ಆ ಜಾಗ ಖಾಲಿ ಬಿಟ್ಟೆ. ನಮ್ಮ ಕಾರ್ಯದರ್ಶಿಗಳು ನಾಸ್ತಿಕರು.